ಹಿಟ್ಟಿನ ಹುಂಜ

ಆಟವೆಂಬುದು ಮಕ್ಕಳಿಗೆ ಸೇರಿದ್ದು, ದೊಡ್ಡವರಾದ ಮೇಲೆ ಅದನ್ನು ನೋಡಬಹುದೇ ಹೊರತು ಆಡಬಾರದು ಎಂಬ ಭಾವನೆ ನನ್ನಂಥ ಉಪಾಧ್ಯಾಯರಲ್ಲಿ ಬಲವಾಗಿ ಬೇರೂರಿರುತ್ತದೆ. ತರಗತಿಯಲ್ಲಿ ಗಂಭೀರವಾಗಿ ಕಾಣಿಸಿಕೊಳ್ಳುವುದು ನಮ್ಮ ಸಂಬಳಕ್ಕೆ ಸೇರಿದ ಕೆಲಸ. ಕಾಲಕ್ರಮದಲ್ಲಿ ಅದು ಮುಖಕ್ಕೂ ಅಂಟಿಕೊಂಡುಬಿಡುತ್ತದೆ. ಇಂಥ ನಾನು ಕಳೆದ ದಸರೆಯ ರಜೆಯಲ್ಲಿ ಮೂರು ರಾತ್ರಿ ಎಡೆಬಿಡದೆ ಟೆಲಿವಿಷನ್ನಿನ ಮುಂದೆ ಕುಳಿತು ಆಟವಾಡಿದೆನೆಂದರೆ ನನ್ನ ವಿದ್ಯಾರ್ಥಿಗಳು ನಂಬುವುದಿಲ್ಲ. ಆ ಆಟದಲ್ಲಿ ನಾನು ಒಬ್ಬ ಹುಡುಗಿಯನ್ನು ಗುಂಡಿಟ್ಟು ಕೊಂದೆ. ಅದರಿಂದ ಹುಟ್ಟಿದ ಯೋಚನೆಯೇ ಈ ಬರಹಕ್ಕೆ ಕಾರಣ.

ನನ್ನ ತಂಗಿಯ ಮಗ ಬೆಂಗಳೂರಿನಲ್ಲಿ ಇಂಜಿನಿಯರ್. ಹಬ್ಬಕ್ಕೆ ಬಂದವನು ಬಟ್ಟೆಯ ಚೀಲದ ಜೊತೆಗೆ ಪ್ಲೇಸ್ಟೇಷನ್ ಎಂಬ ಪೆಟ್ಟಿಗೆಯನ್ನೂ ತಂದಿದ್ದ. “ಮಾವ, ನೀವು ಕಥೆ ಪಾಠ ಮಾಡೋರು. ಇದೂ ಕಥೇನೇ. ಒಂದು ಸಲ ಕೂತು ನೋಡಿ,” ಎಂದ. “ಕಥೆಯಾದರೆ ಓದುತ್ತೇನೆ ಕಣೋ, ಕೈಗೆ ಈ ಯಂತ್ರ ಯಾಕೆ?” ಎಂದೆ. “ಮುಂದೇನಾಗಬೇಕು ಅಂತ ಇದರಲ್ಲಿ ನೀವೇ ತೀರ್ಮಾನ ಮಾಡಬೇಕು, ಅದಕ್ಕೆ,” ಎಂದು ನಕ್ಕ. ಆ ಮಾತು ನನ್ನನ್ನು ಕೆಣಕಿತು. ಇಪ್ಪತ್ತು ವರ್ಷ ಕಾವ್ಯಗಳ ಪಾತ್ರಗಳನ್ನು ವಿಮರ್ಶೆ ಮಾಡಿದವನು ನಾನು. ಪಂಪನ ಕರ್ಣ ಹೀಗೆ ಮಾಡಬಾರದಿತ್ತು, ರನ್ನನ ದುರ್ಯೋಧನ ಹಾಗೆ ಮಾಡಬಹುದಿತ್ತು ಎಂದು ಕುರ್ಚಿಯಲ್ಲಿ ಕುಳಿತು ತೀರ್ಪು ಕೊಟ್ಟವನು. ತೀರ್ಮಾನ ನನ್ನ ಕೈಗೇ ಬಂದರೆ ಏನು ಮಾಡುತ್ತೇನೆಂದು ನೋಡುವ ಆಸೆಯಾಯಿತು.

ಆಟದ ಹೆಸರು ‘ಅಂಟಿಲ್ ಡಾನ್’, ಎಂದರೆ ‘ಬೆಳಗಾಗುವವರೆಗೆ’. ಇಂಗ್ಲೆಂಡಿನ ಗಿಲ್ಡ್‌ಫರ್ಡ್ ಎಂಬ ಊರಿನ ಸೂಪರ್‌ಮ್ಯಾಸಿವ್ ಗೇಮ್ಸ್ ಸಂಸ್ಥೆಯವರು ಇದನ್ನು ಮಾಡಿದರು. ೨೦೧೫ರ ಆಗಸ್ಟಿನಲ್ಲಿ ಹೊರಬಂತು. ಕಥೆ ನಡೆಯುವುದು ಕೆನಡಾದ ಅಲ್ಬರ್ಟಾ ಪ್ರಾಂತ್ಯದ ಒಂದು ಕಲ್ಪಿತ ಹಿಮಪರ್ವತದ ಮೇಲೆ. ಶ್ರೀಮಂತರ ಮಕ್ಕಳು ಕೆಲವರು ಅಲ್ಲಿಯ ಬಂಗಲೆಯಲ್ಲಿ ಸೇರಿದ್ದಾಗ ಹ್ಯಾನಾ ಎಂಬ ಹುಡುಗಿಯನ್ನು ಕ್ರೂರವಾಗಿ ಪರಿಹಾಸ ಮಾಡುತ್ತಾರೆ. ಅವಮಾನ ತಾಳಲಾರದೆ ಅವಳು ಹಿಮದೊಳಗೆ ಓಡುತ್ತಾಳೆ. ಹುಡುಕಹೋದ ಅವಳಿ ಸೋದರಿ ಬೆತ್ ಕೂಡ ಮರಳಿ ಬರುವುದಿಲ್ಲ. ಒಂದು ವರ್ಷದ ಮೇಲೆ ಅವರ ಅಣ್ಣ ಜಾಶ್ ಅದೇ ಗೆಳೆಯರನ್ನು ಅದೇ ಬಂಗಲೆಗೆ ಕರೆಯುತ್ತಾನೆ. ಅವನೂ ಸೇರಿ ಎಂಟು ಮಂದಿ, ಒಂದು ರಾತ್ರಿ. ಬೆಟ್ಟದಲ್ಲಿ ವೆಂಡಿಗೊಗಳಿವೆ. ಹಸಿವಿನಲ್ಲಿ ನರಮಾಂಸ ತಿಂದವನು ವೆಂಡಿಗೊ ಎಂಬ ಪಿಶಾಚಿಯಾಗುತ್ತಾನೆಂಬುದು ಕ್ರೀ, ಒಜಿಬ್ವೆ ಮುಂತಾದ ಅಲ್ಲಿಯ ಮೂಲನಿವಾಸಿಗಳ ಹಳೆಯ ನಂಬಿಕೆ. ಎಂಟು ಮಂದಿಯಲ್ಲಿ ಬೆಳಗಿನವರೆಗೆ ಬದುಕುವವರು ಯಾರು, ಸಾಯುವವರು ಯಾರು ಎಂಬುದು ಬಹುಮಟ್ಟಿಗೆ ಆಡುವವನ ಕೈಯಲ್ಲಿದೆ.

ಆಡುವುದೆಂದರೆ ಇಷ್ಟೇ. ಒಂದೊಂದು ಹೊತ್ತಿನಲ್ಲಿ ಒಂದೊಂದು ಪಾತ್ರ ನಮ್ಮ ವಶದಲ್ಲಿರುತ್ತದೆ. ಕಥೆ ಕವಲೊಡೆಯುವ ಕಡೆ ಪರದೆಯ ಮೇಲೆ ಎರಡು ದಾರಿ ತೋರುತ್ತವೆ: ಓಡುವುದೋ ಅಡಗುವುದೋ, ನಿಜ ಹೇಳುವುದೋ ಮುಚ್ಚುವುದೋ. ಯೋಚಿಸಲು ಸಿಗುವುದು ಕೆಲವು ಕ್ಷಣ. ಆರಿಸಿದ್ದು ಮುಖ್ಯವಾದರೆ ಪರದೆಯ ಮೂಲೆಯಲ್ಲಿ ಚಿಟ್ಟೆಗಳು ಹಾರುತ್ತವೆ. ಒಮ್ಮೆ ಆರಿಸಿದ್ದನ್ನು ಅಳಿಸಲು ಬರುವುದಿಲ್ಲ. ಯಂತ್ರ ತಾನೇ ಬರೆದಿಟ್ಟುಕೊಳ್ಳುತ್ತದೆ. ಕಥೆ ಮುಗಿಯುವವರೆಗೆ ಹಿಂದಕ್ಕೆ ಹೋಗುವ ಬಾಗಿಲಿಲ್ಲ. ಕೆಲವು ಕಡೆ ಇನ್ನೊಂದು ವಿಚಿತ್ರವಿದೆ. ಪಿಶಾಚಿ ಹತ್ತಿರ ಬಂದಾಗ ‘ಅಲುಗಾಡಬೇಡ’ ಎಂಬ ಅಪ್ಪಣೆಯಾಗುತ್ತದೆ. ಆಗ ನಾವು ಹಿಡಿದ ಯಂತ್ರ ನಿಜವಾಗಿಯೂ ಅಲುಗಾಡಬಾರದು. ಕೈ ಸ್ವಲ್ಪ ನಡುಗಿದರೂ ಒಳಗಿನ ಚಲನಸೂಚಕ ಅದನ್ನು ಹಿಡಿದುಬಿಡುತ್ತದೆ, ಪಾತ್ರ ಸಿಕ್ಕಿಬೀಳುತ್ತದೆ. ನಲವತ್ತು ದಾಟಿದ ನಾನು ಉಸಿರು ಬಿಗಿಹಿಡಿದು, ಎರಡು ಮೊಣಕೈಗಳನ್ನೂ ತೊಡೆಗೆ ಒತ್ತಿಕೊಂಡು ಕುಳಿತಿದ್ದನ್ನು ಕಂಡು ನನ್ನ ಹೆಂಡತಿ, “ಪರೀಕ್ಷೆಗೆ ಕೂತ ಹಾಗೆ ಕೂತಿದ್ದೀರಲ್ಲ!” ಎಂದಳು. ಪರೀಕ್ಷೆಯೇ ಆಗಿತ್ತೆಂದು ತಿಳಿದದ್ದು ಆಮೇಲೆ.

ಚಿಟ್ಟೆಗಳ ಚಿತ್ರಕ್ಕೆ ಕಾರಣವುಂಟು. ಅಮೆರಿಕದ ಹವಾಮಾನ ವಿಜ್ಞಾನಿ ಎಡ್ವರ್ಡ್ ಲೊರೆನ್ಸ್ ೧೯೬೧ರಲ್ಲಿ ತನ್ನ ಗಣಕಯಂತ್ರಕ್ಕೆ ಒಂದು ಲೆಕ್ಕವನ್ನು ಎರಡನೆಯ ಸಲ ಕೊಡುವಾಗ ೦.೫೦೬೧೨೭ ಎಂಬ ಸಂಖ್ಯೆಯನ್ನು ೦.೫೦೬ ಎಂದಷ್ಟೇ ಕೊಟ್ಟ. ಕೂದಲೆಳೆಯ ವ್ಯತ್ಯಾಸ, ಆದರೆ ಮುಂದಿನ ಹವೆಯ ಲೆಕ್ಕವೇ ಪೂರ್ತಿ ಬೇರೆಯಾಗಿ ಬಂತು. ಬ್ರೆಜಿಲಿನಲ್ಲಿ ಚಿಟ್ಟೆಯೊಂದು ರೆಕ್ಕೆ ಬಡಿದರೆ ಟೆಕ್ಸಾಸಿನಲ್ಲಿ ಸುಂಟರಗಾಳಿ ಏಳಬಹುದೇ ಎಂಬ ಪ್ರಶ್ನೆಯನ್ನು ಅವನು ೧೯೭೨ರ ಒಂದು ಉಪನ್ಯಾಸಕ್ಕೆ ಹೆಸರಾಗಿ ಇಟ್ಟ. ಆಟ ಮಾಡಿದವರು ಅದನ್ನು ನೀತಿಗೆ ಅನ್ವಯಿಸಿದ್ದಾರೆ: ಸಣ್ಣ ಕೆಲಸಕ್ಕೂ ದೊಡ್ಡ ಫಲವುಂಟು, ಆದ್ದರಿಂದ ಎಚ್ಚರ. ಕೇಳಲು ಚೆನ್ನಾಗಿದೆ. ಆದರೆ ನನಗೆ ಮೊದಲಿನಿಂದಲೂ ಒಂದು ಸಂಶಯವಿತ್ತು. ಚಿಟ್ಟೆಗೆ ಸುಂಟರಗಾಳಿಯ ಉದ್ದೇಶವಿಲ್ಲ, ಉದ್ದೇಶವಿಲ್ಲದ ಕಡೆ ಪಾಪಪುಣ್ಯವೆಲ್ಲಿಂದ ಬಂತು? ಫಲವನ್ನಷ್ಟೇ ಅಳೆಯುವ ಈ ತಕ್ಕಡಿಯಲ್ಲಿ ಮನಸ್ಸನ್ನು ತೂಗುವ ತಟ್ಟೆ ಯಾವುದು?

ಆ ತಟ್ಟೆಯೂ ಆಟದಲ್ಲಿಯೇ ಇತ್ತು. ಅಧ್ಯಾಯಗಳ ನಡುವೆ ಡಾಕ್ಟರ್ ಹಿಲ್ ಎಂಬ ಮನೋವೈದ್ಯ ಮೇಜಿನ ಆಚೆ ಕುಳಿತು ನಮ್ಮನ್ನೇ ಪ್ರಶ್ನೆ ಕೇಳುತ್ತಾನೆ. ಯಾವುದಕ್ಕೆ ಹೆದರುತ್ತೀರಿ? ಹಾವಿಗೋ, ಜೇಡಕ್ಕೋ, ಜಿರಲೆಗೋ? ಹೇಳಿದ್ದನ್ನು ನೆನಪಿಟ್ಟುಕೊಂಡು ಆಮೇಲೆ ಅದನ್ನೇ ಎದುರಿಗೆ ತರುತ್ತಾನೆ. ಈ ಹುಡುಗ ಹುಡುಗಿಯರಲ್ಲಿ ನಿಮಗೆ ಮೆಚ್ಚಿಕೆ ಯಾರು, ಆಗದವರು ಯಾರು ಎಂದೂ ಕೇಳುತ್ತಾನೆ. ನಾನು ಹಿಂದುಮುಂದು ನೋಡದೆ ಎಮಿಲಿ ಆಗದು ಎಂದು ಸೂಚಿಸಿದೆ. ಎಮಿಲಿ ಬುದ್ಧಿವಂತೆ, ಆದರೆ ನಾಲಗೆ ಚೂಪು. ಎದುರಿಗಿದ್ದವರು ಯಾರೆಂದು ನೋಡದೆ ಎದುರುತ್ತರ ಕೊಡುತ್ತಾಳೆ. ಜೊತೆಗಿರುವ ಹುಡುಗನನ್ನು ಆಳಿನಂತೆ ನಡೆಸಿಕೊಳ್ಳುತ್ತಾಳೆ. ಅಂಥವರನ್ನು ಕಂಡರೆ ನನಗೆ ಮೊದಲಿನಿಂದಲೂ ಆಗದು.

ಎರಡನೆಯ ರಾತ್ರಿ ಕ್ರಿಸ್ ಎಂಬ ಹುಡುಗನ ಪಾತ್ರ ನನ್ನ ಕೈಯಲ್ಲಿತ್ತು. ಮುಖವಾಡ ತೊಟ್ಟ ಹುಚ್ಚನೊಬ್ಬ ಅವನನ್ನೂ ಅವನು ಮೆಚ್ಚಿದ ಆಶ್ಲಿಯನ್ನೂ ಕುರ್ಚಿಗೆ ಕಟ್ಟಿದ್ದಾನೆ. ತಲೆಯ ಮೇಲಿಂದ ಗರಗಸ ಇಳಿಯುತ್ತಿದೆ. ಕ್ರಿಸ್‌ನ ಕೈಗೆ ಪಿಸ್ತೂಲು ಕೊಟ್ಟು, ಅವಳನ್ನು ಸುಟ್ಟು ನೀನು ಬದುಕು, ಇಲ್ಲವೇ ನಿನ್ನನ್ನೇ ಸುಟ್ಟುಕೊಂಡು ಅವಳನ್ನು ಉಳಿಸು ಎನ್ನುತ್ತಾನೆ. ನಾನು ತಡಮಾಡದೆ ಪಿಸ್ತೂಲನ್ನು ಕ್ರಿಸ್‌ನ ಕಡೆಗೇ ತಿರುಗಿಸಿದೆ. ಕುದುರೆ ಎಳೆದರೆ ಬರಿಯ ಸದ್ದು. ತೋಟೆಯಲ್ಲಿ ಗುಂಡೇ ಇರಲಿಲ್ಲ. ಮುಖವಾಡದ ಹಿಂದೆ ಇದ್ದವನು ಜಾಶ್. ತಂಗಿಯರನ್ನು ಕಳೆದುಕೊಂಡ ದುಃಖದಲ್ಲಿ ಬುದ್ಧಿ ಕೆಟ್ಟು, ಗೆಳೆಯರಿಗೆ ಪಾಠ ಕಲಿಸಲು ನಾಟಕ ಹೂಡಿದ್ದ. ನಾನು ಹೆಮ್ಮೆಯಿಂದ ತಂಗಿಯ ಮಗನ ಮುಖ ನೋಡಿದೆ. ಅವನು, “ನಾನು ಆಡಿದಾಗ ಆಶ್ಲಿ ಕಡೆ ಗುರಿ ಇಟ್ಟಿದ್ದೆ ಮಾವ. ಅವಳಿಗೂ ಏನೂ ಆಗಲಿಲ್ಲ. ಆದರೆ ಆಮೇಲೆ ಕ್ರಿಸ್ ಪಿಶಾಚಿಯಿಂದ ತಪ್ಪಿಸಿಕೊಂಡು ಬಂಗಲೆ ಬಾಗಿಲಿಗೆ ಓಡಿಬಂದು ಬಡೀತಾನಲ್ಲ, ಆಶ್ಲಿ ಒಳಗೆ ನಿಂತು ನೋಡ್ತಾಳೆ, ಬಾಗಿಲು ತೆಗೆಯೋದಿಲ್ಲ. ಅವನು ಅಲ್ಲೇ ಸಾಯ್ತಾನೆ,” ಎಂದ. ನನ್ನ ಆಟದಲ್ಲಿ ಬಾಗಿಲು ತೆರೆಯಿತು. ನಾನು ಒಳ್ಳೆಯವನೆಂಬುದಕ್ಕೆ ಯಂತ್ರವೇ ಸಾಕ್ಷಿ ಹೇಳಿತೆಂದು ಕಾಫಿ ಕುಡಿದೆ.

ಆ ಕಾಫಿಯ ಲೋಟ ಆರುವ ಮೊದಲೇ ಎಮಿಲಿಯ ಸರದಿ ಬಂತು. ಹಾಳುಬಿದ್ದ ಗಣಿಯೊಳಗೆ ವೆಂಡಿಗೊಗಳಿಂದ ಒಬ್ಬಳೇ ತಪ್ಪಿಸಿಕೊಂಡು, ರಕ್ತ ಬಳಿದುಕೊಂಡು ಅವಳು ಬಂಗಲೆಗೆ ಮರಳಿದ್ದಾಳೆ. ನೆಲಮಾಳಿಗೆಯ ಕೋಣೆಯಲ್ಲಿ ಎಲ್ಲರೂ ಬಾಗಿಲು ಭದ್ರಪಡಿಸಿಕೊಂಡು ಕುಳಿತಿದ್ದಾರೆ. ಅವಳ ಹೆಗಲ ಮೇಲೆ ಕಚ್ಚಿದ ಗಾಯವಿರುವುದನ್ನು ಆಶ್ಲಿ ಕಾಣುತ್ತಾಳೆ. ಕಚ್ಚಿಸಿಕೊಂಡವಳು ತಾನೂ ಪಿಶಾಚಿಯಾದರೆ? ಎಲ್ಲರಿಗೂ ದಿಗಿಲು. ಮೈಕ್ ಎಂಬ ಹುಡುಗ, ಒಂದು ಕಾಲದಲ್ಲಿ ಅವಳ ಪ್ರಿಯಕರನಾಗಿದ್ದವನು, ಪಿಸ್ತೂಲು ಎತ್ತುತ್ತಾನೆ. ಆಗ ಮೈಕ್‌ನ ಕೈ ನನ್ನ ಕೈ. ಗುರಿ ಅವಳ ಮುಖದ ಮೇಲಿದೆ. ಸುಡಬಹುದು, ಸುಮ್ಮನಿರಲೂಬಹುದು. ಎಮಿಲಿ ಬೇಡುತ್ತಿದ್ದಾಳೆ. ನನ್ನ ಮನಸ್ಸು ಒಳ್ಳೆಯ ವಕೀಲನ ಹಾಗೆ ಚಕಚಕನೆ ವಾದ ಹೂಡಿತು: ಒಬ್ಬಳಿಗಾಗಿ ಉಳಿದವರ ಪ್ರಾಣಕ್ಕೆ ಅಪಾಯ ತರುವುದು ನ್ಯಾಯವೇ? ಇದು ದ್ವೇಷವಲ್ಲ, ಕರ್ತವ್ಯ. ನಾನು ಗುಂಡಿ ಒತ್ತಿದೆ.

ಸ್ವಲ್ಪ ಹೊತ್ತಿನ ಮೇಲೆ ಆಶ್ಲಿ ಹಳೆಯ ದಿನಚರಿಯೊಂದನ್ನು ತಿರುವಿ ಹಾಕುತ್ತಾಳೆ. ಆ ಬೆಟ್ಟದಲ್ಲಿ ವರ್ಷಗಟ್ಟಲೆ ವೆಂಡಿಗೊಗಳನ್ನು ಬೇಟೆಯಾಡಿದವನು ಬರೆದದ್ದು. ಕಚ್ಚುವುದರಿಂದ ಏನೂ ಅಂಟುವುದಿಲ್ಲವೆಂದು ಅದರಲ್ಲಿದೆ. ನರಮಾಂಸ ತಿಂದವನಷ್ಟೇ ಪಿಶಾಚಿಯಾಗುತ್ತಾನೆ. ಆಗ ನನಗೆ ಇನ್ನೊಂದು ಸಂಗತಿ ನೆನಪಾಯಿತು. ಆ ಸಂಜೆ ಕಾವಲುಗೋಪುರ ಹತ್ತಿ, ರೇಡಿಯೋದಲ್ಲಿ ಹೊರಗಿನವರನ್ನು ಕೂಗಿ ಕರೆದವಳು ಎಮಿಲಿಯೇ. ಬೆಳಗಾದಾಗ ರಕ್ಷಣೆಗೆಂದು ಬಂದದ್ದು ಅವಳ ಕರೆ ಕೇಳಿದವರು. ಉಳಿದವರನ್ನು ಉಳಿಸಲು ನಾನು ಕೊಂದದ್ದು, ಉಳಿದವರಿಗಾಗಿ ನೆರವು ತರಿಸಿದವಳನ್ನು.

ಆ ರಾತ್ರಿ ನಿದ್ದೆ ಬರಲಿಲ್ಲ. ಬೆಳಕಿನ ಚುಕ್ಕೆಗಳಿಂದಾದ ಒಂದು ಬೊಂಬೆ ಬಿದ್ದರೆ ಎಂ.ಎ. ಮಾಡಿದ ಮನುಷ್ಯ ನಿದ್ದೆಗೆಡುವುದೇ ಎಂದು ನನ್ನನ್ನು ನಾನೇ ಹಾಸ್ಯಮಾಡಿಕೊಂಡೆ. ಆಗ ಕತ್ತಲಲ್ಲಿ ನೆನಪಾದದ್ದು ನಾನು ಇಷ್ಟು ವರ್ಷ ಪಾಠ ಹೇಳಿದ ಜನ್ನನ ‘ಯಶೋಧರ ಚರಿತೆ’. ಹೊಯ್ಸಳ ವೀರಬಲ್ಲಾಳನ ಕಾಲದ ಆ ಕವಿ ಸುಮಾರು ೧೨೦೯ರಲ್ಲಿ ಬರೆದ ಆ ಕಾವ್ಯದ ಒಡಲಲ್ಲಿರುವುದೂ ಒಂದು ಬೊಂಬೆಯ ಕೊಲೆಯೇ ಅಲ್ಲವೇ?

ಕಥೆ ಗೊತ್ತಿದ್ದವರು ಕ್ಷಮಿಸಬೇಕು. ಉಜ್ಜಯಿನಿಯ ಅರಸ ಯಶೋಧರ ಒಂದು ರಾತ್ರಿ ತನ್ನ ರಾಣಿ ಅಮೃತಮತಿ ಕುರೂಪಿಯಾದ ಮಾವುತನ ಬಳಿಗೆ ಹೋಗುವುದನ್ನು ಕಾಣುತ್ತಾನೆ. ಕತ್ತಿ ಎತ್ತಿದವನು ತನ್ನನ್ನು ತಾನು ತಡೆದುಕೊಳ್ಳುತ್ತಾನೆ. ಮರುದಿನ ಮಗನ ಮುಖ ಬಾಡಿರುವುದನ್ನು ಕಂಡು ತಾಯಿ ಚಂದ್ರಮತಿ ಕಾರಣ ಕೇಳುತ್ತಾಳೆ. ನಿಜ ಹೇಳಲಾರದೆ ಕೆಟ್ಟ ಕನಸಿನ ಮಾತನ್ನಾಡುತ್ತಾನೆ. ಕನಸಿನ ದೋಷಕ್ಕೆ ಮಾರಿಗೆ ಬಲಿ ಕೊಡು ಎಂದು ತಾಯಿ. ಜೀವಬಲಿ ಕೂಡದು ಎಂದು ಮಗ. ಕೊನೆಗೆ ಇಬ್ಬರೂ ಒಪ್ಪಿದ ನಡುದಾರಿ, ಹಿಟ್ಟಿನಿಂದ ಮಾಡಿದ ಹುಂಜ. ಅದಕ್ಕೆ ಬಣ್ಣ ಬಳಿದು ಎಷ್ಟು ಚೆಂದ ಮಾಡಿದರೆಂದರೆ ಆ ಚೆಲುವಿಗೆ ಮರುಳಾಗಿ ಬೆಂತರವೊಂದು ಬಂದು ಅದರೊಳಗೆ ಹೊಕ್ಕಿತು. ಕತ್ತಿ ಬಿದ್ದಾಗ ಹಿಟ್ಟಿನ ಹುಂಜ ಕೂಗಿತು. ಆ ಒಂದು ಸಂಕಲ್ಪಹಿಂಸೆಗಾಗಿ ತಾಯಿ ಮಗ ಇಬ್ಬರೂ ನವಿಲು, ನಾಯಿ, ಮೀನು, ಮೊಸಳೆ, ಆಡು ಎಂದು ಜನ್ಮದಿಂದ ಜನ್ಮಕ್ಕೆ ತೊಳಲಿ, ಕಡೆಗೆ ಕೋಳಿಗಳಾಗಿಯೂ ಹುಟ್ಟಿ ಸಾಯುತ್ತಾರೆ.

ಪ್ರತಿವರ್ಷ ಯಾರಾದರೊಬ್ಬ ವಿದ್ಯಾರ್ಥಿ ಎದ್ದು ನಿಂತು ಕೇಳುತ್ತಾನೆ: “ಸರ್, ಹುಂಜ ಹಿಟ್ಟಿನದು. ಯಾರಿಗೂ ನೋವಾಗಲಿಲ್ಲ. ಅಷ್ಟಕ್ಕೆ ಇಷ್ಟೊಂದು ಜನ್ಮವೇ?” ಪ್ರತಿವರ್ಷವೂ ನಾನು ಹಿಂಸೆಯಲ್ಲಿ ದ್ರವ್ಯಹಿಂಸೆ, ಭಾವಹಿಂಸೆ ಎಂದು ಎರಡು ಬಗೆ, ಜೈನದೃಷ್ಟಿಯಲ್ಲಿ ಕೊಲ್ಲಬೇಕೆಂಬ ಭಾವವೇ ಬಂಧಕ್ಕೆ ಕಾರಣ ಎಂದು ಬೋರ್ಡಿನ ಮೇಲೆ ಬರೆದು ಮುಂದಿನ ಪದ್ಯಕ್ಕೆ ಹೋಗುತ್ತೇನೆ. ಉತ್ತರ ತಪ್ಪಲ್ಲ. ಆದರೆ ಅದನ್ನು ಹೇಳಿದವನು ಅದನ್ನು ಎಂದೂ ತನ್ನ ಮೈಮೇಲೆ ಹಾಕಿಕೊಂಡು ನೋಡಿರಲಿಲ್ಲ. ಆ ಆಟದ ಬೊಂಬೆಗಳಿಗೂ ಹೀಗೆಯೇ ಬೆಂತರ ಹೊಕ್ಕಿದೆ. ಹೆಸರಾಂತ ನಟನಟಿಯರ ಮುಖದ ಒಂದೊಂದು ಚಲನೆಯನ್ನೂ ಯಂತ್ರದಿಂದ ಹಿಡಿದು ಆ ಪಾತ್ರಗಳಿಗೆ ತುಂಬಿದ್ದಾರೆ. ಜಾಶ್ ಆಗಿ ಕಾಣುವವನು ರಾಮಿ ಮಾಲೆಕ್. ಚಿತ್ರ ಅಷ್ಟು ಚೆಲುವಾದಾಗ ಅದು ಕೂಗದೆ ಇರದು.

ಇಲ್ಲಿ ಓದುಗರು ಒಂದು ಆಕ್ಷೇಪ ಎತ್ತಬಹುದು, ನನ್ನ ತಂಗಿಯ ಮಗ ಮರುದಿನ ತಿಂಡಿಯ ಹೊತ್ತಿನಲ್ಲಿ ಅದನ್ನೇ ಎತ್ತಿದ. “ಹಾಗಾದರೆ ರಂಗದ ಮೇಲೆ ಕೀಚಕನನ್ನು ಕೊಲ್ಲೋ ಭೀಮನ ಪಾತ್ರಧಾರಿ ಪಾಪಿಯೇನು ಮಾವ? ಕೊಲೆಯ ಕಥೆ ಬರೆಯೋ ಕಾದಂಬರಿಕಾರರ ಗತಿ ಏನು? ನಾನೂ ಒಂದು ಸಲ ಎಮಿಲಿಯನ್ನು ಸುಟ್ಟಿದ್ದೇನೆ. ಏನಾಗುತ್ತೆ ನೋಡೋಣ ಅಂತ ಸುಟ್ಟೆ, ಅಷ್ಟೆ. ಆಟ ಅಂದಮೇಲೆ ಎಲ್ಲ ದಾರೀನೂ ನೋಡಬೇಕಲ್ಲ.” ಅವನು ಹೇಳಿದ್ದು ಸರಿ. ಪಾತ್ರಧಾರಿ ಕೀಚಕನನ್ನು ಆರಿಸಿಕೊಳ್ಳುವುದಿಲ್ಲ, ಕವಿ ಆರಿಸಿಕೊಟ್ಟಿದ್ದಾನೆ. ಕಾದಂಬರಿಕಾರ ಕೊಂದವನ ಒಳಗೂ ಸತ್ತವನ ಒಳಗೂ ಇದ್ದು ನೋಡುತ್ತಾನೆ. ಕುತೂಹಲದಿಂದ ಗುಂಡಿ ಒತ್ತಿದ ಹುಡುಗನ ಮನಸ್ಸಿನಲ್ಲಿ ಎಮಿಲಿಯ ಮೇಲೆ ಏನೂ ಇರಲಿಲ್ಲ. ಅವನೂ ಒತ್ತಿದ್ದು ಅದೇ ಗುಂಡಿ, ಬಿದ್ದದ್ದು ಅದೇ ಬೊಂಬೆ. ಯಂತ್ರದ ಲೆಕ್ಕದಲ್ಲಿ ಇಬ್ಬರದೂ ಒಂದೇ ಕೊಲೆ. ಆದರೆ ಅವನ ಹುಂಜ ಬರಿಯ ಹಿಟ್ಟು, ನನ್ನದು ಕೂಗಿತು. ಹಿಟ್ಟಿನಲ್ಲಿ ಪಾಪವಿಲ್ಲ. ಕತ್ತಿ ಹಿಡಿದವನು ಯಾರ ಮೇಲಿನ ಸಿಟ್ಟನ್ನು ಅದರ ಮೇಲೆ ತೀರಿಸಿದ ಎಂಬುದನ್ನು ನೋಡಬೇಕು.

ಯಶೋಧರನ ಕಥೆಯ ಈ ಗಂಟು ನನಗೆ ಆ ದಿನ ಬಿಚ್ಚಿಕೊಂಡಿತು. ಅವನು ತಾಯಿಗೆ ಹೇಳಿದ ಕಾರಣ ಕನಸು. ಒಳಗೆ ಇದ್ದ ಕಾರಣ ಬೇರೆ. ರಾತ್ರಿ ಮಾವುತನ ಮೇಲೆ ಇಳಿಯದೆ ಒರೆಗೆ ಹೋದ ಕತ್ತಿಯೇ ಆಮೇಲೆ ಹುಂಜದ ಮೇಲೆ ಇಳಿದದ್ದು ಎಂದು ನಾನು ಓದಿಕೊಳ್ಳುತ್ತೇನೆ. ಧರ್ಮದ ಮಾತು ಅದಕ್ಕೆ ಹೊದಿಸಿದ ಬಟ್ಟೆ. ನನಗೂ ಕಚ್ಚಿದ ಗಾಯವೊಂದು ಬೇಕಾಗಿತ್ತು, ಅದು ಸಿಕ್ಕಿತು. ಅದೇ ಗಾಯ ನಾನು ಮೆಚ್ಚಿದ ಪಾತ್ರದ ಹೆಗಲ ಮೇಲೆ ಇದ್ದಿದ್ದರೆ ನಾನು ಗುಂಡಿ ಒತ್ತುತ್ತಿರಲಿಲ್ಲ. ಡಾಕ್ಟರ್ ಹಿಲ್ ಗಂಟೆಗಟ್ಟಲೆ ಮೊದಲೇ ನನ್ನ ಬಾಯಿಂದ ಆ ಹೆಸರು ಹೇಳಿಸಿದ್ದ.

ಪಶ್ಚಿಮದ ತತ್ತ್ವಜ್ಞರು ಈ ಪ್ರಶ್ನೆಯನ್ನು ಇನ್ನೊಂದು ಕಡೆಯಿಂದ ಹಿಡಿದಿದ್ದಾರೆ. ಬರ್ನಾರ್ಡ್ ವಿಲಿಯಮ್ಸ್, ಥಾಮಸ್ ನೇಗಲ್ ಇಬ್ಬರೂ ೧೯೭೬ರಲ್ಲಿ ನೈತಿಕ ಅದೃಷ್ಟವೆಂಬ ವಿಷಯವನ್ನು ಚರ್ಚಿಸಿದರು. ಇಬ್ಬರು ಲಾರಿ ಚಾಲಕರು ಒಂದೇ ರೀತಿ ಅಜಾಗ್ರತೆಯಿಂದ ಹೋಗುತ್ತಾರೆ ಎನ್ನಿ; ಒಬ್ಬನ ಲಾರಿಗೆ ಮಗು ಅಡ್ಡಬರುತ್ತದೆ, ಇನ್ನೊಬ್ಬನಿಗೆ ಬರುವುದಿಲ್ಲ. ಮೊದಲನೆಯವನನ್ನು ಕೊಲೆಗಡುಕನೆನ್ನುತ್ತೇವೆ, ಎರಡನೆಯವನು ಮನೆಗೆ ಹೋಗಿ ಊಟ ಮಾಡುತ್ತಾನೆ. ತಪ್ಪು ಒಂದೇ, ತೀರ್ಪು ಎರಡು. ಜನ್ನನ ಕಥೆಯನ್ನು ಈ ಮಾತಿನ ಪಕ್ಕದಲ್ಲಿಟ್ಟರೆ ಅವನು ಎರಡನೆಯ ಚಾಲಕನನ್ನು ಊಟದ ಎಲೆಯಿಂದ ಎಬ್ಬಿಸುತ್ತಾನೆಂದು ತೋರುತ್ತದೆ. ಮಗು ಅಡ್ಡ ಬರಲಿಲ್ಲ ಎಂಬುದು ಮಗುವಿನ ಪುಣ್ಯ, ನಿನ್ನದಲ್ಲ ಎನ್ನುತ್ತಾನೆ. ಆಶ್ಲಿ ಬಾಗಿಲು ತೆಗೆಯದೆ ನಿಂತದ್ದೂ ಇದೇ ನ್ಯಾಯದಿಂದ. ಗುಂಡಿಲ್ಲದ ಪಿಸ್ತೂಲು ಅವಳ ಮೈಗೆ ಏನೂ ಮಾಡಲಿಲ್ಲ. ಆದರೆ ಅದು ತಿರುಗಿದ ದಿಕ್ಕನ್ನು ಅವಳು ಕಂಡಿದ್ದಳು. ಅವಳ ನ್ಯಾಯ ಸರಿಯೆಂದು ನಾನು ಹೇಳಲಾರೆ. ಅವಳೂ ಒಬ್ಬನನ್ನು ಸಾಯಲು ಬಿಟ್ಟಳು.

ಇಷ್ಟರಲ್ಲೇ ನಿಲ್ಲಿಸಿದ್ದರೆ ಇದು ಒಂದು ಸಾಹಿತ್ಯಚರ್ಚೆಯಾಗಿ ಮುಗಿಯುತ್ತಿತ್ತು. ಆದರೆ ಗುಂಡಿಲ್ಲದ ಪಿಸ್ತೂಲಿನ ಯೋಚನೆ ನನ್ನನ್ನು ಹಿಂದಕ್ಕೆ, ೨೦೨೦ಕ್ಕೆ ಎಳೆದುಕೊಂಡು ಹೋಯಿತು.

ನಮ್ಮ ಮನೆಯ ಮಹಡಿಯ ಮೇಲೆ ಒಂದು ಕೋಣೆಯಿದೆ. ಆಗ ಅಲ್ಲಿ ನರ್ಸ್ ಕೆಲಸದ ಹೆಣ್ಣುಮಗಳೊಬ್ಬಳು ಬಾಡಿಗೆಗಿದ್ದಳು. ದೂರದ ಜಿಲ್ಲೆಯವಳು, ಊರಿನಲ್ಲಿ ಬೇರೆ ನೆಂಟರಿಲ್ಲ. ರಾತ್ರಿಪಾಳಿ ಮುಗಿಸಿ ಹೊತ್ತಲ್ಲದ ಹೊತ್ತಿನಲ್ಲಿ ಬರುವಳು, ಗೇಟು ಕಿರ್ರೆನ್ನುವುದು, ನನಗೆ ಎಚ್ಚರವಾಗುವುದು. ಒಮ್ಮೆ ಅದನ್ನು ಹೇಳಿದೆ. “ಗೇಟಿಗೆ ಎಣ್ಣೆ ಹಾಕಿಸಿ ಸರ್. ನನ್ನ ಡ್ಯೂಟಿ ಟೈಮ್ ಬದಲಾಯಿಸೋಕೆ ಆಗಲ್ಲ,” ಎಂದಳು. ಮಾತು ನ್ಯಾಯವಾಗಿಯೇ ಇತ್ತು. ನ್ಯಾಯವಾಗಿದ್ದದ್ದರಿಂದಲೇ ಮನಸ್ಸಿನಲ್ಲಿ ಉಳಿಯಿತು. ಟ್ಯಾಂಕಿನ ನೀರಿನ ವಿಷಯಕ್ಕೂ ಒಂದೆರಡು ಸಲ ಹೀಗೆಯೇ ಆಯಿತು. ಆ ವರ್ಷ ಮಾರ್ಚ್ ೨೨ರ ಸಂಜೆ ಐದು ಗಂಟೆಗೆ ವೈದ್ಯರಿಗೂ ದಾದಿಯರಿಗೂ ಕೃತಜ್ಞತೆ ತೋರಿಸಲೆಂದು ದೇಶವೆಲ್ಲ ಚಪ್ಪಾಳೆ ತಟ್ಟಿತಲ್ಲ, ನಾನೂ ಅಂಗಳದಲ್ಲಿ ನಿಂತು ಸ್ಟೀಲಿನ ತಟ್ಟೆ ಬಡಿದೆ. ಜುಲೈ ತಿಂಗಳಲ್ಲಿ ಊರಿನಲ್ಲಿ ಕೊರೋನಾ ಹೆಚ್ಚಾಯಿತು. ನಮ್ಮ ತಾಯಿಗೆ ಆಗ ಎಪ್ಪತ್ತೆರಡು ವರ್ಷ, ಉಬ್ಬಸದ ತೊಂದರೆ ಬೇರೆ. ಒಂದು ಬೆಳಿಗ್ಗೆ ಪಾಳಿ ಮುಗಿಸಿ ಬಂದವಳನ್ನು ಗೇಟಿನಲ್ಲೇ ತಡೆದು, ಎರಡು ದಿನದಲ್ಲಿ ಬೇರೆ ಕೋಣೆ ನೋಡಿಕೊಳ್ಳಬೇಕೆಂದು ಹೇಳಿದೆ. ಅವಳು ಎದುರುತ್ತರ ಕೊಡಲಿಲ್ಲ. ನಮ್ಮ ತಾಯಿ ಮಾತ್ರ ಒಳಗಿನಿಂದ, “ಪಾಪ, ಈ ಹೊತ್ತಿನಲ್ಲಿ ಎಲ್ಲಿಗೆ ಹೋಗ್ತಾಳೋ?” ಎಂದರು. ಅವಳು ಮರುದಿನವೇ ಹೋದಳು, ಆ ತಿಂಗಳ ಬಾಡಿಗೆಯನ್ನು ಪೂರ್ತಿ ಕೊಟ್ಟು.

ನನ್ನ ಭಯ ಸುಳ್ಳಾಗಿರಲಿಲ್ಲ, ಇದನ್ನು ನನ್ನ ಪಕ್ಷದಲ್ಲಿ ಹೇಳಲೇಬೇಕು. ತಾಯಿಯ ಉಬ್ಬಸ ನಿಜ, ರೋಗ ನಿಜ. ಆದರೆ ಅದೇ ದಿನಗಳಲ್ಲಿ ನಾನು ಸಂತೆಗೆ ಹೋಗಿ ನೂಕುನುಗ್ಗಲಿನಲ್ಲಿ ತರಕಾರಿ ತರುತ್ತಿದ್ದೆ. ಪಕ್ಕದ ಮನೆಯವರೊಡನೆ ಕಾಂಪೌಂಡಿನ ಮೇಲೆ ಮೊಣಕೈಯೂರಿ ಗಂಟೆಗಟ್ಟಲೆ ಹರಟುತ್ತಿದ್ದೆ. ಆ ಭಯ ಅತ್ತ ಕಡೆಗೆ ತಿರುಗಲೇ ಇಲ್ಲ. ಮುಖಗವಸನ್ನು ಎಲ್ಲರಿಗಿಂತ ಸರಿಯಾಗಿ ಕಟ್ಟುತ್ತಿದ್ದವಳು, ಕೈ ತೊಳೆಯದೆ ಮೆಟ್ಟಿಲು ಹತ್ತದವಳು ಒಬ್ಬಳಿದ್ದಳು. ನನ್ನ ಭಯ ಅವಳನ್ನೇ ಹುಡುಕಿ ಹಿಡಿಯಿತು. ಭಯ ಕುರುಡು ಎನ್ನುತ್ತಾರೆ. ನನ್ನ ಅನುಭವದಲ್ಲಿ ಅದಕ್ಕೆ ಚೆನ್ನಾಗಿಯೇ ಕಣ್ಣು ಕಾಣುತ್ತದೆ; ತನಗೆ ಆಗದವರು ಎಲ್ಲಿದ್ದಾರೆಂದು ಅದಕ್ಕೆ ಮೊದಲೇ ಗೊತ್ತಿರುತ್ತದೆ.

ಫಲದ ದೃಷ್ಟಿಯಿಂದ ನೋಡಿದರೆ ಏನೂ ಆಗಲಿಲ್ಲ. ಅವಳಿಗೆ ಬೇರೆ ಕಡೆ ಕೋಣೆ ಸಿಕ್ಕಿತೆಂದು ಕೇಳಿದೆ. ಅವಳಿಗೂ ಆಗ ರೋಗ ಬರಲಿಲ್ಲ, ನಮಗೂ ಬರಲಿಲ್ಲ. ತೋಟೆಯಲ್ಲಿ ಗುಂಡಿರಲಿಲ್ಲ. ಆ ಕಾರಣದಿಂದಲೇ ನಾನು ಅದನ್ನು ಇಷ್ಟು ವರ್ಷ ಒಂದು ತಪ್ಪೆಂದು ಲೆಕ್ಕಕ್ಕೇ ಹಿಡಿದಿರಲಿಲ್ಲ. ಯಾರಿಗೂ ನೋವಾಗಲಿಲ್ಲವಲ್ಲ ಎಂದು, ನನ್ನ ತರಗತಿಯ ಹುಡುಗ ಕೇಳುವ ಪ್ರಶ್ನೆಯನ್ನೇ ನಾನು ಉತ್ತರವೆಂದು ಇಟ್ಟುಕೊಂಡಿದ್ದೆ.

ಮೂರನೆಯ ರಾತ್ರಿ ಆಟ ಮುಗಿಯಿತು. ಬೆಳಗಾಯಿತು, ಉಳಿದವರನ್ನು ಪೊಲೀಸರು ಒಬ್ಬೊಬ್ಬರಾಗಿ ಕೂರಿಸಿ ವಿಚಾರಿಸುವ ದೃಶ್ಯ ಬಂತು. ಆಟ ಒಮ್ಮೆ ಪೂರ್ತಿಯಾದ ಮೇಲೆ ಬೇಕಾದ ಅಧ್ಯಾಯಕ್ಕೆ ಮತ್ತೆ ಹೋಗಬಹುದೆಂದು ಹುಡುಗ ಹೇಳಿದ. ನಾನು ನೆಲಮಾಳಿಗೆಯ ಕೋಣೆಗೆ ಹೋಗಿ ಪಿಸ್ತೂಲು ಕೆಳಗಿಳಿಸಿ, ಎಮಿಲಿಯನ್ನು ಉಳಿಸಿದೆ. ಒಂದು ಗಳಿಗೆ ಹಗುರವಾದಂತೆ ತೋರಿತು. ಆದರೆ ಕಚ್ಚಿದ್ದು ಅಂಟುವುದಿಲ್ಲವೆಂದು ಈಗ ನನಗೆ ಗೊತ್ತಿತ್ತು. ಗೊತ್ತಿದ್ದು ಒಳ್ಳೆಯವನಾಗುವುದರಲ್ಲಿ ಏನು ಹೆಚ್ಚಳ? ಗೊತ್ತಿಲ್ಲದಾಗ ಪಿಸ್ತೂಲು ಯಾವ ಕಡೆ ತಿರುಗಿತೆಂಬುದನ್ನು ಎರಡನೆಯ ಆಟ ಅಳಿಸಲಿಲ್ಲ. ಬಾಳಿನಲ್ಲಂತೂ ನಾವು ಯಾವಾಗಲೂ ದಿನಚರಿಯ ಆ ಪುಟ ಸಿಕ್ಕುವ ಮೊದಲೇ ತೀರ್ಮಾನ ಮಾಡಬೇಕು. ತಿಳಿಯದೆ ತಪ್ಪುವುದು ಮನುಷ್ಯನ ಪಾಡು, ಅದಕ್ಕೆ ಕ್ಷಮೆಯುಂಟು. ತಿಳಿಯದ ಆ ಕತ್ತಲೆಯಲ್ಲಿ ಹಳೆಯ ದ್ವೇಷಕ್ಕೆ ಕರ್ತವ್ಯದ ಅಂಗಿ ತೊಡಿಸುವುದು ಬೇರೆ ಮಾತು.

ಜನ್ನನ ಕಾವ್ಯದಲ್ಲಿ ಆ ಜನ್ಮಗಳ ಸರಪಳಿ ಎಲ್ಲಿ ಕೊನೆಗೊಳ್ಳುತ್ತದೆಂದು ಮತ್ತೊಮ್ಮೆ ತೆಗೆದು ನೋಡಿದೆ. ತಾಯಿ ಮಗ ಇಬ್ಬರೂ ಅಣ್ಣ ತಂಗಿಯರಾಗಿ, ಅಭಯರುಚಿ ಅಭಯಮತಿಯರಾಗಿ ಹುಟ್ಟಿ, ಮಾರಿಯ ಗುಡಿಯಲ್ಲಿ ಬಲಿಗೆಂದು ನಿಂತಾಗ ಅಭಯರುಚಿ ರಾಜ ಮಾರಿದತ್ತನಿಗೆ ತಮ್ಮ ಕಥೆಯನ್ನು ಇದ್ದದ್ದು ಇದ್ದಹಾಗೆ ಹೇಳುತ್ತಾನೆ. ಹಿಂದಿನ ಜನ್ಮದಲ್ಲಿ ತಾಯಿಯಿಂದ ಮುಚ್ಚಿಟ್ಟ ಕಾರಣವೂ ಆ ಕಥೆಯಲ್ಲಿ ಹೊರಬರುತ್ತದೆ. ಕೇಳಿದ ರಾಜ ಬಲಿಯನ್ನು ಬಿಡುತ್ತಾನೆ. ಕಥೆ ಹೇಳುವುದೇ ಅಲ್ಲಿ ಬಿಡುಗಡೆಗೆ ದಾರಿ. ಆದರೆ ನಾನು ಇದನ್ನು ಮೊದಲು ಹೇಳಬೇಕಾದದ್ದು ವಾಚಕರಿಗಲ್ಲ ಎಂಬುದು ಸ್ಪಷ್ಟವಾಗಿತ್ತು.

ಹಳೆಯ ಬಾಡಿಗೆ ಪುಸ್ತಕದಲ್ಲಿ ಅವಳ ಫೋನ್ ನಂಬರು ಇತ್ತು. ಹಬ್ಬ ಕಳೆದು ತಂಗಿಯ ಮಗ ಊರಿಗೆ ಹೋದ ಮೇಲೆ ಒಂದು ಸಂಜೆ ಕರೆ ಮಾಡಿದೆ. ನಂಬರು ಬದಲಾಗಿರಬಹುದು, ಆಗ ನನ್ನ ಕರ್ತವ್ಯ ಮುಗಿಯಿತು ಎಂಬ ಒಂದು ಆಸೆಯೂ ಇತ್ತು. ಅವಳೇ ಎತ್ತಿದಳು. ಗುರುತು ಹೇಳಿದೆ. ಅವಳು ಮೊದಲು ನಮ್ಮ ತಾಯಿಯ ಆರೋಗ್ಯ ವಿಚಾರಿಸಿದಳು. ನಾನು ಅಂದಿನ ಮಾತೆತ್ತಿ, ತಪ್ಪಾಯಿತು ಎಂದೆ.

“ಬಿಡಿ ಸರ್, ಆಗ ಎಲ್ಲರಿಗೂ ಭಯ ಇತ್ತು,” ಎಂದಳು.

ಅಲ್ಲಿಗೆ ನಿಲ್ಲಿಸಬಹುದಾಗಿತ್ತು. ನಾನು ಇಷ್ಟು ವರ್ಷ ಹೊದ್ದುಕೊಂಡಿದ್ದ ಬಟ್ಟೆಯನ್ನು ಅವಳೇ ಮಡಿಸಿ ನನ್ನ ಕೈಗೆ ಕೊಡುತ್ತಿದ್ದಳು. “ಭಯ ಒಂದೇ ಅಲ್ಲಮ್ಮ,” ಎಂದೆ. ಮುಂದಿನ ಮಾತು ಬೇಗ ಬರಲಿಲ್ಲ. ಅತ್ತ ಕಡೆಯೂ ಸ್ವಲ್ಪ ಹೊತ್ತು ಸದ್ದಿರಲಿಲ್ಲ.

“ಗೊತ್ತಿತ್ತು ಸರ್,” ಎಂದಳು. “ನನಗೆ ಅವತ್ತೇ ಗೊತ್ತಿತ್ತು.”